ಹೊಸೂರಿಗೆ ಸ್ವಂತ ವಿಮಾನ ನಿಲ್ದಾಣ ಬೇಕಾ?

ಪ್ರಶ್ನೆ: ಸರ್, ನಾನು ತುಮಕೂರು ಕಡೆಯವನು. ಹೊಸೂರಿನಲ್ಲಿ ಸಣ್ಣ ವರ್ಕ್‌ಶಾಪ್ ಹಾಕಿ ಹನ್ನೆರಡು ವರ್ಷವಾಯಿತು. ಊರು ಕಣ್ಣೆದುರೇ ಬೆಂಗಳೂರಿನ ಬಡಾವಣೆಯ ಹಾಗೆ ಬೆಳೆದುಬಿಟ್ಟಿದೆ. ಇಲ್ಲಿಗೆ ದೊಡ್ಡ ವಿಮಾನ ನಿಲ್ದಾಣ ಬರುತ್ತದಂತೆ. ದೇವನಹಳ್ಳಿಗೆ ಹೋಗಿ ಬರುವುದರಲ್ಲೇ ದಿನ ಮುಗಿಯುವ ನಮ್ಮಂಥವರಿಗೆ ಇದು ಒಳ್ಳೆಯದೇ ಅಲ್ವಾ? ಇನ್ನೊಂದು ವಿಷಯ. ಈಗಲೇ ಅಲ್ಲೊಂದು ಸೈಟು ಮಾಡಿಕೊಳ್ಳಿ, ಬೆಲೆ ಮೂರು ಪಟ್ಟಾಗುತ್ತದೆ ಎಂದು ಬ್ರೋಕರ್ ಬೆನ್ನು ಬಿದ್ದಿದ್ದಾರೆ. ತೆಗೆದುಕೊಳ್ಳಲಾ?
– ಹೊಸೂರಿನ ಓದುಗರು

ಉತ್ತರ: ನಿಮ್ಮ ಕಷ್ಟ ನಿಜ. ಹೊಸೂರಿನಿಂದ ದೇವನಹಳ್ಳಿಗೆ ಹೋಗಬೇಕೆಂದರೆ ಇಡೀ ಬೆಂಗಳೂರನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಬೇಕು. ಬೆಳಗಿನ ಮೊದಲ ವಿಮಾನ ಹಿಡಿಯುವವರು ರಾತ್ರಿಯೇ ಮನೆ ಬಿಡುತ್ತಾರೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ 'ಹೌದು'. ಆದರೆ ಊರಿನ ಹೆಮ್ಮೆಗೆ ಒಂದು ನಿಲ್ದಾಣ ಬೇಕು ಎನ್ನುವುದಾದರೆ ಬೇಡ.

ಏಕೆ ಅಂದರೆ, 2024ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ ವಿಧಾನಸಭೆಯಲ್ಲಿ ಹೇಳಿದ್ದನ್ನು ನೋಡಿ. 2,000 ಎಕರೆ ಜಾಗ, ವರ್ಷಕ್ಕೆ 3 ಕೋಟಿ ಪ್ರಯಾಣಿಕರು. ಇಡೀ ಬೆಂಗಳೂರಿಗೆ ಕೆಲಸ ಮಾಡುವ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣವೇ 2024-25ರಲ್ಲಿ 4 ಕೋಟಿ ದಾಟಿದ್ದು. ಹೊಸೂರಿನವರು ಎಷ್ಟೇ ಓಡಾಡಿದರೂ 3 ಕೋಟಿ ತುಂಬುವುದಿಲ್ಲ. ಅದನ್ನು ತುಂಬುವವರು ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಜಿಗಣಿ, ಆನೇಕಲ್, ಸರ್ಜಾಪುರದವರು. ಅಂದರೆ ಇದು ಗಡಿಯಾಚೆ ನಿಂತ ಬೆಂಗಳೂರಿನ ದಕ್ಷಿಣದ ಬಾಗಿಲು. ಹಾಗೆಂದುಕೊಂಡೇ ಕಟ್ಟಿದರೆ ಉಳಿಯುತ್ತದೆ.

ರನ್‌ವೇ ಹಾಕಿದ ಮಾತ್ರಕ್ಕೆ ವಿಮಾನ ಬರುವುದಿಲ್ಲ. ನಮ್ಮ ರಾಜ್ಯದಲ್ಲೇ ಇದನ್ನು ನೋಡಿದ್ದೇವೆ. ಬೀದರ್‌ನಲ್ಲಿ 2020ರಲ್ಲಿ ಹಾರಾಟ ಶುರುವಾಯಿತು. ನಡುವೆ ಒಂದು ವರ್ಷಕ್ಕೂ ಜಾಸ್ತಿ ನಿಂತೇ ಹೋಗಿತ್ತು. 2025ರಲ್ಲಿ ಮತ್ತೆ ಶುರುವಾಯಿತು. ಶಿವಮೊಗ್ಗದ ರನ್‌ವೇ 3,200 ಮೀಟರ್. ಅಷ್ಟು ಉದ್ದ ಇದ್ದರೂ ಅಲ್ಲಿ ದಿನಕ್ಕೆ ಇಳಿಯುವ ವಿಮಾನಗಳನ್ನು ಬೆರಳಲ್ಲಿ ಎಣಿಸಬಹುದು. ಮೈಸೂರಿನದು ಇನ್ನೊಂದು ಕತೆ. ಪ್ರಯಾಣಿಕರು ಸಿಗುವ ಊರು, ಆದರೆ ಮಂಡಕಳ್ಳಿಯ ರನ್‌ವೇ 1,740 ಮೀಟರ್ ಅಷ್ಟೇ. ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಸಾಕು, ದೊಡ್ಡದಕ್ಕೆ ಸಾಲದು. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ವಿಮಾನ ಕಂಪನಿಗೆ ನಷ್ಟ ತುಂಬಿಕೊಡುವುದು ಕೆಲವು ವರ್ಷ ಮಾತ್ರ. ಅಷ್ಟರಲ್ಲಿ ಸೀಟು ತುಂಬುವ ಅಭ್ಯಾಸ ಆಗದಿದ್ದರೆ ಕಂಪನಿ ವಿಮಾನವನ್ನು ಬೇರೆ ಊರಿಗೆ ಒಯ್ಯುತ್ತದೆ.

'ಬೆಳಗೊಂಡಪಲ್ಲಿಯಲ್ಲಿ ಆಗಲೇ ಒಂದು ಖಾಸಗಿ ರನ್‌ವೇ ಇದೆಯಲ್ಲ, ಅಲ್ಲಿಂದಲೇ ಯಾಕೆ ಶುರು ಮಾಡಬಾರದು' ಎಂದು ನಿಮ್ಮ ಊರಿನವರು ಕೇಳುತ್ತಿರುತ್ತಾರೆ. ನ್ಯಾಯವಾದ ಪ್ರಶ್ನೆ. ಅಡ್ಡ ಬರುವುದು ಒಂದು ಕರಾರು. ದೇವನಹಳ್ಳಿ ನಿಲ್ದಾಣ ಕಟ್ಟುವಾಗ ಕೇಂದ್ರ ಸರ್ಕಾರ 2004ರಲ್ಲಿ ಒಂದು ಮಾತು ಕೊಟ್ಟಿದೆ. ಆ ನಿಲ್ದಾಣ ಶುರುವಾದ ದಿನದಿಂದ 25 ವರ್ಷ, ಸುತ್ತ 150 ಕಿಲೋಮೀಟರ್ ಒಳಗೆ ಮೈಸೂರು ಮತ್ತು ಹಾಸನ ಬಿಟ್ಟು ಇನ್ನೊಂದು ನಿಲ್ದಾಣ ಬೆಳೆಸುವಂತಿಲ್ಲ. ಶುರುವಾಗಿದ್ದು 2008ರ ಮೇ ತಿಂಗಳಲ್ಲಿ. ಲೆಕ್ಕ ಹಾಕಿದರೆ 2033ರ ಮೇವರೆಗೆ ಹೊಸೂರಿನ ಕೈ ಕಟ್ಟಿದೆ. ಮೇಲಿನ ಆಕಾಶವೂ ಖಾಲಿ ಇಲ್ಲ. ಪಕ್ಕದಲ್ಲೇ ಎಚ್ಎಎಲ್ ಇದೆ, ಹೊಸ ಯುದ್ಧವಿಮಾನಗಳ ಪರೀಕ್ಷೆ ಅಲ್ಲಿಂದ ನಡೆಯುತ್ತದೆ. ರಕ್ಷಣಾ ಸಚಿವಾಲಯ ಒಪ್ಪದೆ ಒಂದು ಕಲ್ಲೂ ಕದಲುವುದಿಲ್ಲ.

ನನಗೆ ನಿಜವಾಗಿ ಚಿಂತೆಯಾಗುವುದು ಬೇರೆಯದಕ್ಕೆ. ಕರ್ನಾಟಕವೂ ಬೆಂಗಳೂರಿಗೆ ಎರಡನೇ ನಿಲ್ದಾಣ ಹುಡುಕುತ್ತಿದೆ. ಕನಕಪುರ ರಸ್ತೆಯ ಎರಡು ಜಾಗ, ನೆಲಮಂಗಲ-ಕುಣಿಗಲ್ ರಸ್ತೆಯ ಒಂದು ಜಾಗವನ್ನು 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ನೋಡಿ ಹೋಗಿದೆ. ಕನಕಪುರ ರಸ್ತೆಯಲ್ಲೊಂದು, ಹೊಸೂರಿನಲ್ಲೊಂದು ಬಂದರೆ ಇಬ್ಬರೂ ಕಾಯುವುದು ಅದೇ ಬೊಮ್ಮಸಂದ್ರದ ಪ್ರಯಾಣಿಕನಿಗೆ. ಎರಡೂ ಅರ್ಧ ಖಾಲಿ ಬಿದ್ದರೆ ಸಾಲ ತೀರಿಸುವುದು ಜನರೇ. ಎರಡೂ ಸರ್ಕಾರಗಳು ಒಂದೇ ಮೇಜಿಗೆ ಕೂರಬೇಕು. ನೀರಿನ ಜಗಳ ಇರುವ ಎರಡು ರಾಜ್ಯ, ಸುಲಭ ಅಲ್ಲ ಎಂದು ಗೊತ್ತು. ಆದರೂ ಕೇಳಲೇಬೇಕು. ಅದಕ್ಕೂ ಮೊದಲು ರೈಲು. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂತು. ಅಲ್ಲಿಂದ ಹೊಸೂರಿಗೆ ಇಂದಿಗೂ ಮೆಟ್ರೊ ಇಲ್ಲ. ಅತ್ತಿಬೆಲೆಯ ಟ್ರಾಫಿಕ್ಕಿನಲ್ಲಿ ಕಾಯಿಸುವ ನಿಲ್ದಾಣ ದೇವನಹಳ್ಳಿಗಿಂತ ಹತ್ತಿರ ಎನ್ನಿಸುವುದೇ ಇಲ್ಲ.

ಭೂಮಿಯ ವಿಷಯ ಬಿಟ್ಟು ಮುಂದೆ ಹೋಗಲಾರೆ. ನಿಲ್ದಾಣ ತನಗೆ ಬೇಕಾದಷ್ಟು ನೆಲ ತೆಗೆದುಕೊಂಡು ಸುಮ್ಮನಾಗುವುದಿಲ್ಲ. ಅದರ ಹಿಂದೆ ಕೈಗಾರಿಕಾ ಪಾರ್ಕು ಬರುತ್ತದೆ. ಹೊಸ ನೋಟಿಸು ಬರುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಗಾಗಿ ರೈತರು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಹೊಸೂರಿನ ಸುತ್ತ ಇರುವುದೂ ಅಂಥದ್ದೇ ನೆಲ. ಅಲ್ಲಿನ ಪಾಲಿಹೌಸ್‌ಗಳಲ್ಲಿ ಬೆಳೆದ ಗುಲಾಬಿ ಫೆಬ್ರವರಿಯಲ್ಲಿ ಹೊರದೇಶಕ್ಕೆ ಹೋಗುತ್ತದೆ. ಆ ಹೂವಿಗೆ ಪಕ್ಕದಲ್ಲೇ ವಿಮಾನ ಸಿಕ್ಕರೆ ಎಷ್ಟೋ ಅನುಕೂಲ. ಆದರೆ ನಿಲ್ದಾಣಕ್ಕಾಗಿ ತೋಟವನ್ನೇ ಎಬ್ಬಿಸಿದರೆ ಆ ವಿಮಾನದಲ್ಲಿ ಕಳಿಸುವುದೇನನ್ನು? ಬೆಳೆಗಾರರನ್ನು ಮೊದಲ ದಿನದಿಂದಲೇ ಮಾತಿಗೆ ಕೂರಿಸಬೇಕು.

ಇನ್ನು ನಿಮ್ಮ ಸೈಟು. ಈಗ ಬೇಡ. ನವಿ ಮುಂಬೈ ನಿಲ್ದಾಣಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2007ರಲ್ಲಿ, ವಿಮಾನ ಹಾರಿದ್ದು 2025ರ ಡಿಸೆಂಬರ್‌ನಲ್ಲಿ. ಅಷ್ಟು ವರ್ಷ ನಿಮ್ಮ ದುಡ್ಡು ಅಲ್ಲಿ ಸಿಕ್ಕಿಕೊಂಡರೆ ವರ್ಕ್‌ಶಾಪಿಗೆ ಹೊಸ ಮಷೀನು ತರುವುದು ಹೇಗೆ? ನಿಲ್ದಾಣ ಬಂದರೂ ಹತ್ತಿರದ ಸೈಟು ಎಲ್ಲರಿಗೂ ಲಾಭವಲ್ಲ. ದೊಡ್ಡ ರನ್‌ವೇಯ ಸುತ್ತ 4 ಕಿಲೋಮೀಟರ್‌ವರೆಗೆ ಕಟ್ಟಡ ಸಾಮಾನ್ಯವಾಗಿ 45 ಮೀಟರ್ ಮೀರುವಂತಿಲ್ಲ. ಇಳಿಯುವ ದಾರಿಯ ಕೆಳಗೆ ಇನ್ನೂ ಕಡಿಮೆ. ಶಬ್ದವಂತೂ ಹಗಲು ರಾತ್ರಿ. ಆ ಸೈಟು ಸ್ವಾಧೀನದ ಗೆರೆಯೊಳಗೇ ಬಿದ್ದರೆ ಬ್ರೋಕರ್ ಹೇಳಿದ ಬೆಲೆ ನಿಮಗೆ ಸಿಗುವುದಿಲ್ಲ, ಸರ್ಕಾರ ಕಟ್ಟಿದ ಪರಿಹಾರ ಸಿಗುತ್ತದೆ.

ಬ್ರೋಕರ್ ಮತ್ತೆ ಬಂದಾಗ ಸರ್ವೆ ನಂಬರ್ ಕೇಳಿ. ತಾಲ್ಲೂಕು ಕಚೇರಿಯಲ್ಲಿ ಪಟ್ಟಾ, ಅಂದರೆ ಜಮೀನಿನ ಹಕ್ಕಿನ ದಾಖಲೆ, ಯಾರ ಹೆಸರಿನಲ್ಲಿದೆ, ಸ್ವಾಧೀನದ ಪ್ರಸ್ತಾವದಲ್ಲಿ ಆ ನಂಬರ್ ಇದೆಯಾ ನೋಡಿ. ಅಲ್ಲಿಯವರೆಗೆ ಒಂದು ರೂಪಾಯಿ ಮುಂಗಡವೂ ಕೊಡಬೇಡಿ.