ಪ್ರತಿಕ್ರಿಯೆ: ಕಿಡ್ನಿ ಸ್ಟೋನ್ ಇದ್ದು ಸಿಎ 19-9 ಜಾಸ್ತಿ ಬಂದ್ರೆ ಕ್ಯಾನ್ಸರಾ?

ನಿಮ್ ತಂದೆಗೆ ಕಿಡ್ನೀಲಿ ಕಲ್ಲು, ಸಿಎ 19-9 (ಕೆಲವು ಕ್ಯಾನ್ಸರಲ್ಲಿ ರಕ್ತದಲ್ಲಿ ಏರೋ ಒಂದು ಮಾರ್ಕರ್, ಅಂದ್ರೆ ಸೂಚಕ ವಸ್ತು) ಬೇರೆ 210 ಬಂದಿದೆ, ಕ್ಯಾನ್ಸರೇ ಇರಬೋದಾ ಅಂತ ಕೇಳಿದೀರಲ್ಲ, ಈ ಒಂದು ನಂಬರ್ ನೋಡಿ ಹಾಗಂದ್ಕೋಬೇಡಿ. ನಾರ್ಮಲ್ 37ರ ಒಳಗಿರ್ಬೇಕು ನಿಜ, ಆದ್ರೆ ಸ್ಕ್ಯಾನಲ್ಲಿ ಹೈಡ್ರೋನೆಫ್ರೋಸಿಸ್ ಇದೆ ಅಂದ್ರಿ, ಅಂದ್ರೆ ಕಲ್ಲು ಅಡ್ಡ ಕೂತು ಮೂತ್ರ ಹಿಂದಕ್ಕೆ ನಿಂತು ಕಿಡ್ನಿ ಊದಿದೆ, ಮೂತ್ರನಾಳದ ಒಳಪದರದ ಜೀವಕೋಶಗಳೂ ಈ ಮಾರ್ಕರ್ ತಯಾರಿಸ್ತವೆ, ಅಡಚಣೆ ಆದಾಗ ರಕ್ತದಲ್ಲಿ ಏರಬೋದು, ಕಲ್ಲು ತೆಗೆದ್ಮೇಲೆ ಸಾಮಾನ್ಯವಾಗಿ ಇಳಿಯುತ್ತೆ. ಹಾಗಂತ ಸುಮ್ನೆ ಬಿಡ್ಬೇಡಿ, ಪಿತ್ತನಾಳ, ಪ್ಯಾಂಕ್ರಿಯಾಸ್ ತೊಂದ್ರೇಲೂ ಏರುತ್ತೆ, ಕಾಂಟ್ರಾಸ್ಟ್ ಸಿಟಿ (ಔಷಧಿ ಚುಚ್ಚಿ ಒಳಗಿನ ಅಂಗ ಸ್ಪಷ್ಟವಾಗಿ ನೋಡೋ ಸ್ಕ್ಯಾನ್) ಬೇಕಾ ಅಂತ ಯುರಾಲಜಿಸ್ಟ್ ಹತ್ರ ಕೇಳಿ, ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ಹೇಳೋ ಕ್ರಿಯಾಟಿನಿನ್ ರಿಪೋರ್ಟೂ ತೋರ್ಸಿ. ಬೆಂಗಳೂರಲ್ಲೇ ಇದೀರಲ್ವಾ, ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ ಯುರಾಲಜಿ ಸಂಸ್ಥೆಗೂ ಹೋಗ್ಬೋದು. ಕಲ್ಲು ತೆಗೆದು ಕೆಲವು ವಾರ ಬಿಟ್ಟು ಅದೇ ಲ್ಯಾಬಲ್ಲಿ ಮತ್ತೆ ಟೆಸ್ಟ್ ಮಾಡ್ಸಿ. ಚಳಿಜ್ವರ ಬಂದ್ರೆ ಮಾತ್ರ ಕಾಯ್ಬೇಡಿ, ರಾತ್ರಿಯಾದ್ರೂ ಸರಿ ಎಮರ್ಜೆನ್ಸಿಗೆ ಕರ್ಕೊಂಡ್ ಹೋಗಿ.