ವಿಳಂಬ ಮನ್ನಾ ಬಿಡಿ, ಬಿಡುಗಡೆಯಾದ ದಿನದ ಚೀಟಿ ಹುಡುಕಿ

ಅಕ್ರಮ ಪೊಲೀಸ್ ಬಂಧನದಿಂದ ಅಣ್ಣನ ಮನಸ್ಸು ಕೆಟ್ಟು ನಾಲ್ಕು ವರ್ಷವಾಗಿದೆ, ಈಗ ಸರ್ಕಾರದ ಮೇಲೆ ಪರಿಹಾರದ ದಾವೆ ಹಾಕಿ ವಿಳಂಬ ಮನ್ನಾ (ತಡವಾದದ್ದನ್ನು ಕ್ಷಮಿಸಿ ಅಂತ) ಕೇಳಬಹುದೇ ಅಂತ ಕೇಳಿದ್ದೀರಿ. ತಮ್ಮನ ಪರವಾಗಿ ನಾನೂ ಇದೇ ಅರ್ಜಿ ಹಾಕಿದ್ದೆ. ಆಗುವುದಿಲ್ಲ. ಕಾಲಮಿತಿ ಕಾಯ್ದೆ, 1963ರ ಕಲಂ 5 ಇರುವುದು ಮೇಲ್ಮನವಿ ಮತ್ತು ಅರ್ಜಿಗಳಿಗೆ, ಮೂಲ ದಾವೆಗಲ್ಲ. ಅಕ್ರಮ ಬಂಧನದ ಪರಿಹಾರಕ್ಕೆ ಅದೇ ಕಾಯ್ದೆಯ ಅನುಚ್ಛೇದ 73 ಕೊಡುವುದು ಬಂಧನ ಮುಗಿದ ದಿನದಿಂದ ಒಂದೇ ವರ್ಷ. ಅವಧಿ ಮೀರಿದ್ದನ್ನು ಸರ್ಕಾರಿ ವಕೀಲರು ಎತ್ತದಿದ್ದರೂ ಕಲಂ 3ರ ಪ್ರಕಾರ ನ್ಯಾಯಾಲಯವೇ ವಜಾ ಮಾಡಬೇಕು.

ನಿಮಗಿರುವ ದಾರಿ ಕಲಂ 6. ಅವಧಿ ಶುರುವಾಗುವ ದಿನವೇ ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲ ಅಂತ ತೋರಿಸಿದರೆ, ಆ ಒಂದು ವರ್ಷದ ಎಣಿಕೆ ಗುಣವಾದ ಮೇಲೆಯೇ. ಇನ್ನೂ ಗುಣವಾಗಿಲ್ಲದಿದ್ದರೆ ಕಾಯಬೇಕಿಲ್ಲ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 32 ನಿಯಮ 15ರಡಿ ನೀವೇ ನೆಕ್ಸ್ಟ್ ಫ್ರೆಂಡ್, ಅಂದರೆ ಅವರ ಪರವಾಗಿ ದಾವೆ ನಡೆಸುವವರು, ಆಗಿ ಹಾಕಬಹುದು.

ನಾನು ಎಡವಿದ್ದು ಇಲ್ಲೇ. ವಾದಪತ್ರದಲ್ಲಿ, ಅಂದರೆ ದಾವೆ ಹೂಡುವ ಪತ್ರದಲ್ಲಿ, "ಬಿಡುಗಡೆಯಾದ ನಂತರ ಕ್ರಮೇಣ ಕಾಯಿಲೆ ಶುರುವಾಯಿತು" ಅಂತ ಬರೆಸಿದ್ದೆ. ಆ "ಕ್ರಮೇಣ" ನಮ್ಮನ್ನು ಮುಳುಗಿಸಿತು. ಅವಧಿ ಒಮ್ಮೆ ಓಡತೊಡಗಿದರೆ ಆಮೇಲೆ ಬಂದ ಕಾಯಿಲೆ ಅದನ್ನು ನಿಲ್ಲಿಸದು ಅನ್ನುತ್ತದೆ ಕಲಂ 9. ಬಿಟ್ಟ ದಿನ ತಮ್ಮ ಸರಿಯಾಗಿಯೇ ಇದ್ದ ಅಂತ ನಾವೇ ಒಪ್ಪಿಕೊಂಡಂತಾಯಿತು. ಸಿಪಿಸಿ ಆದೇಶ 7 ನಿಯಮ 11(ಡಿ) ಅಡಿ ವಾದಪತ್ರ ತಿರಸ್ಕಾರವಾಯಿತು. ನಿಜವೆಂದರೆ ಆ ರಾತ್ರಿ ಅವನು ಅಮ್ಮನ ಗುರುತನ್ನೇ ಹಿಡಿಯಲಿಲ್ಲ. "ಸ್ಥಳ, ಸಮಯದ ಅರಿವಿಲ್ಲ" ಅಂತ ಮರುದಿನ ಡಾಕ್ಟರು ತಾರೀಖು ಹಾಕಿ ಬರೆದ ಚೀಟಿ ಟ್ರಂಕಿನಲ್ಲೇ ಇತ್ತು. ನಾವು ಹಾಜರುಪಡಿಸಿದ್ದು ಐದು ತಿಂಗಳ ಆಮೇಲಿನ ಸರ್ಟಿಫಿಕೇಟು, ಅದರಲ್ಲಿ ಪಿಟಿಎಸ್‌ಡಿ (ಆಘಾತದ ನಂತರ ಬರುವ ಮಾನಸಿಕ ಕಾಯಿಲೆ) ಅಂತ ಇತ್ತಲ್ಲ ಅಂತ. ಕಾಯಿಲೆಯ ಹೆಸರಿನಿಂದ ಏನೂ ಆಗದು. ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ ಅಸ್ವಸ್ಥಚಿತ್ತ ಅಂತಲ್ಲ ಎಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಕಲಂ 3(5) ಹೇಳುತ್ತದೆ.

ಹಾಗಾಗಿ ಅದೇ ಕಾಯ್ದೆಯ ಕಲಂ 25ರಡಿ ಆಸ್ಪತ್ರೆಯಿಂದ ದಾಖಲೆ ತೆಗೆಸಿ. ಬಿಡುಗಡೆಯ ದಿನ ತನ್ನ ವ್ಯವಹಾರ ತಾನು ತಿಳಿದು ನಡೆಸುವ ಶಕ್ತಿ ಅವರಿಗೆ ಇತ್ತೇ ಅನ್ನುವ ಒಂದೇ ಪ್ರಶ್ನೆಗೆ ಮನೋವೈದ್ಯರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಕಾಲಮಿತಿ ಕಾಯ್ದೆಯ ಕಲಂ 6ರ ವಿನಾಯಿತಿಯನ್ನು ವಾದಪತ್ರದಲ್ಲೇ ಹೇಳಬೇಕು, ಸಿಪಿಸಿ ಆದೇಶ 7 ನಿಯಮ 6. ಸರ್ಕಾರದ ಮೇಲೆ ದಾವೆ ಹಾಕುವ ಮುನ್ನ ಕೊಡುವ ಸಿಪಿಸಿ ಕಲಂ 80ರ ನೋಟಿಸಿನ ಎರಡು ತಿಂಗಳು ಕಾಲಮಿತಿಯ ಲೆಕ್ಕದಿಂದ ಕಳೆಯುತ್ತದೆ. ಇಲಾಖೆಯ "ಪರಿಶೀಲನೆಯಲ್ಲಿದೆ" ಪತ್ರ ಒಂದು ದಿನವನ್ನೂ ಕಳೆಯದು.

ಬಿಟ್ಟ ದಿನ ಅಣ್ಣ ನಿಜವಾಗಿ ಸರಿಯಿದ್ದರೆ ದಾವೆಗೆ ದುಡ್ಡು ಸುರಿಯಬೇಡಿ. ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಹಾಕಿ. ಮೂಲಭೂತ ಹಕ್ಕು ಮುರಿದದ್ದಕ್ಕೆ ಅಲ್ಲಿ ಪರಿಹಾರ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 1993ರ ನೀಲಾಬತಿ ಬೆಹೆರಾ ತೀರ್ಪಿನಲ್ಲಿ (ಪೊಲೀಸ್ ವಶದಲ್ಲಿ ಮಗ ಸತ್ತ ತಾಯಿಯ ಪ್ರಕರಣ) ಹೇಳಿದೆ. ಅಲ್ಲಿ ಇಷ್ಟೇ ವರ್ಷ ಅಂತ ಗೆರೆಯಿಲ್ಲ. ಆದರೆ ತಡವೇಕೆ ಅಂತ ಕೇಳಿಯೇ ಕೇಳುತ್ತಾರೆ: ಯಾವ ತಿಂಗಳು ಯಾವ ಆಸ್ಪತ್ರೆ, ಯಾರಿಗೆ ಯಾವಾಗ ದೂರು ಕೊಟ್ಟಿರಿ, ತಿಂಗಳುವಾರು ಪಟ್ಟಿ ಇವತ್ತೇ ಬರೆಯಲು ಕೂರಿ.