ವೇಷದ ಬ್ಯಾಗು, ಬೆಟ್ಟದ ಭಾರ: ಪಟ್ಟಿ ಕೀಳೋದು ಎಲ್ಲಿ?

ಸರ್, ಕುಂತಿಬೆಟ್ಟ ಎರಡು ಸಲ ಹತ್ತಿ ಇಳಿಯೋದರಲ್ಲಿ ಇಂಡಿಯಾನಾ ಜೋನ್ಸ್ ಸಿನಿಮಾದ ವೇಷಕ್ಕೆ ತಗೊಂಡ ಗ್ಯಾಸ್ ಮಾಸ್ಕ್ ಬ್ಯಾಗಿನ ಪಟ್ಟಿ ಹೋಯ್ತು, ಇನ್ನೂ ದಪ್ಪದ್ದು ಹಾಕಿಸಲಾ ಅಂತ ಕೇಳಿದ್ದೀರಿ. ನಿಮ್ಮ ಫೋಟೊನೇ ದೊಡ್ಡದು ಮಾಡಿ ನೋಡಿ. ಪಟ್ಟಿಗೆ ಏನೂ ಆಗಿಲ್ಲ. ರಿವೆಟ್ಟು ತನ್ನ ಸುತ್ತಲಿನ ಕ್ಯಾನ್ವಾಸನ್ನು ದುಂಡಗೆ ಕಿತ್ತುಕೊಂಡು ಆಚೆ ಬಂದಿದೆ. ದಪ್ಪ ಪಟ್ಟಿ ಹಾಕಿಸಿದರೆ ಇನ್ನೊಂದು ಕಡೆಯೂ ಹೀಗೇ ಕಿತ್ತುಬರುತ್ತೆ.

ಮೂಲ ಬ್ಯಾಗು 2ನೇ ಮಹಾಯುದ್ಧದ ಬ್ರಿಟಿಷ್ ಸೈನ್ಯ ಗ್ಯಾಸ್ ಮಾಸ್ಕ್ ಇಡೋಕೆ ಬಳಸುತ್ತಿದ್ದ ಮಾರ್ಕ್ 7 ಅನ್ನೋ ಚೀಲ. ಅದಕ್ಕಿದ್ದದ್ದು ಬಟ್ಟೆಯ ಪಟ್ಟಿ. ಚರ್ಮದ್ದು ಸಿನಿಮಾದವರು ಹಾಕಿಕೊಂಡದ್ದು. ನಕಲು ಮಾಡೋರು ತೆಳು ಕ್ಯಾನ್ವಾಸಿಗೆ ಚರ್ಮವನ್ನು ಎರಡು ರಿವೆಟ್ಟಲ್ಲಿ ಕಚ್ಚಿಸಿ ಕಳಿಸುತ್ತಾರೆ. ಫೋಟೊಗೆ ಸಾಕು. ನೀರಿನ ಬಾಟಲು, ಪವರ್ ಬ್ಯಾಂಕು ತುಂಬಿಕೊಂಡು ಬಂಡೆಯಿಂದ ಬಂಡೆಗೆ ಧುಮುಕಿದರೆ ಅಷ್ಟೂ ಭಾರ ಜಗ್ಗೋದು ಆ ಎರಡು ತೂತನ್ನೇ.

ರಿವೆಟ್ ತೆಗೆದುಹಾಕಿ. 2 ಮಿ.ಮೀ. ದಪ್ಪದ ಚರ್ಮದಲ್ಲಿ 5×7 ಸೆಂ.ಮೀ. ತೇಪೆ ಕತ್ತರಿಸಿ, ಮೂಲೆ ದುಂಡಗಿರಲಿ, ಚೂಪಾಗಿದ್ದರೆ ಅದೇ ಬಟ್ಟೆಯನ್ನು ಕೊಯ್ಯುತ್ತೆ. ತೇಪೆ ಒಳಗೆ, ಪಟ್ಟಿಯ ತುದಿ ಹೊರಗೆ, ಕ್ಯಾನ್ವಾಸ್ ನಡುವೆ. ಮೂರನ್ನೂ ಸೇರಿಸಿ ಚೌಕಾಕಾರ ಹೊಲಿದು, ಒಳಗೆ ಗುಣಾಕಾರದ ಗುರುತಿನ ಹಾಗೆ ಅಡ್ಡ ಹೊಲಿಗೆ ಹಾಕಿ. ದಾರ 1 ಮಿ.ಮೀ. ಮೇಣದ ಪಾಲಿಯೆಸ್ಟರ್. ಹತ್ತಿ ದಾರ ಬೆವರಿಗೂ ಮಳೆಗೂ ಕೊಳೆಯುತ್ತೆ. ಹೊಲಿಗೆಯ ಅಂತರ 4 ಮಿ.ಮೀ. ಹತ್ತಿರ ಹಾಕಿದಷ್ಟೂ ಗಟ್ಟಿ ಅಂದುಕೊಳ್ಳಬೇಡಿ, ಅಂಚೆಚೀಟಿ ಹರಿದ ಹಾಗೆ ತೂತಿನ ಸಾಲಿಗೇ ಹರಿಯುತ್ತೆ. ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಪ್ರತಿ ತೂತಿನಲ್ಲೂ ಎರಡೂ ಕಡೆಯಿಂದ ದಾಟಿಸಿ. ಹೀಗೆ ಹೊಲಿದರೆ ಒಂದು ಕಡೆ ದಾರ ಸವೆದರೂ ಮಿಕ್ಕದ್ದು ಬಿಚ್ಚಿಕೊಳ್ಳಲ್ಲ. ಕೊನೆಯಲ್ಲಿ ಮೂರು ಹೊಲಿಗೆ ಹಿಂದಕ್ಕೆ ಬಂದು ಕತ್ತರಿಸಿ. ಮನೆಯ ಟೈಲರಿಂಗ್ ಮಿಷಿನ್ನಿಗೆ ಇದು ಕೊಡಬೇಡಿ, ಸೂಜಿ ಮುರಿಯುತ್ತೆ. ಚಪ್ಪಲಿ ಹೊಲಿಯೋರ ಹತ್ತಿರ ತೇಪೆ ಸಮೇತ ಹೋಗಿ. ರಿವೆಟ್ ಅಂದಕ್ಕೆ ಬೇಕಿದ್ದರೆ ಆಮೇಲೆ ಹೊಡೆಸಿಕೊಳ್ಳಿ.

ಪಟ್ಟಿ 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪ ಇದ್ದರೆ ಧಾರಾಳ. ಕತ್ತರಿಸಿದ ಅಂಚು ನೋಡಿ: ಪೂರ್ತಿ ನಾರು ಕಂಡರೆ ಚರ್ಮ, ನಡುವೆ ಬಟ್ಟೆ ಕಂಡರೆ ರೆಕ್ಸಿನ್ ಜಾತಿ, ಒಂದೆರಡು ಮಳೆಗಾಲದಲ್ಲಿ ಸಿಪ್ಪೆ ಏಳುತ್ತೆ.

ಪಟ್ಟಿ ಸಿಕ್ಕಿಸೋ ಡಿ ಆಕಾರದ ರಿಂಗು ಹಿತ್ತಾಳೆಯದ್ದಿರಲಿ, ಬೆಸುಗೆ ಹಾಕಿದ್ದಿರಲಿ. ಬೆಸುಗೆ ಇಲ್ಲದ್ದು ಬಾಯಿ ಬಿಡುತ್ತೆ. ಕಬ್ಬಿಣದ್ದಾದರೆ ತೊಗಟೆಯಲ್ಲಿ ಹದ ಮಾಡಿದ ಚರ್ಮ ಒದ್ದೆಯಾದಾಗ ರಿಂಗಿನ ಸುತ್ತ ಕಪ್ಪಾಗುತ್ತೆ (ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಕೆಲಸ ಇಲ್ಲೂ ಆಗೋದು). ನೆಂದರೆ ನೆರಳಲ್ಲಿ, ಗಾಳಿಗೆ ತೂಗುಹಾಕಿ. ಬಿಸಿಲಿಗೋ ಒಲೆ ಹತ್ತಿರವೋ ಇಟ್ಟರೆ ಸೆಟೆದು ಬಿರುಕು ಬಿಡುತ್ತೆ. ಕೊಬ್ಬರಿ ಎಣ್ಣೆ ಸುರಿಯಬೇಡಿ, ಪಟ್ಟಿ ಜೋತುಬೀಳುತ್ತೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೀರುವಿನಲ್ಲಿಟ್ಟರೆ ಬೂಷ್ಟು ಗ್ಯಾರಂಟಿ.

ಮತ್ತೆ ಬೆಟ್ಟಕ್ಕೆ ಹೋಗುವ ಮುಂಚೆ ಬ್ಯಾಗಿನಲ್ಲಿ 4 ಕೆ.ಜಿ. ಅಕ್ಕಿ ಹಾಕಿ ರಾತ್ರಿಯಿಡೀ ಕೊಕ್ಕೆಗೆ ತೂಗುಹಾಕಿ. ಬೆಳಗ್ಗೆ ಹೊಲಿಗೆಯ ತೂತು ಯಾವುದಾದರೂ ಉದ್ದಕ್ಕೆ ಎಳೆದುಕೊಂಡಿದ್ದರೆ ಆ ಕಡೆ ಬಿಚ್ಚಿ, ಇನ್ನೂ ದೊಡ್ಡ ತೇಪೆ ಇಟ್ಟು ಹೊಲೀರಿ.